ಇಟಲಿಯಲ್ಲಿ ಟಿವಿ ನಿರೂಪಕರು ಮನೆಮಂದಿಯಂತೆ ಆದದ್ದು ಹೇಗೆ?

ನೇತ್ರಾವತಿ_ತೀರ
ಎಲ್ಲರಿಗೂ ನಮಸ್ಕಾರ. 2009ರ ಸೆಪ್ಟೆಂಬರ್ 12ರಂದು ಮಿಲಾನ್ ನಗರದ ದುವೊಮೊ ಚರ್ಚಿನಲ್ಲಿ ಒಬ್ಬರಿಗೆ ಸಕಲ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು. ಅವರು ಮಂತ್ರಿ ಅಲ್ಲ, ಸೇನಾಪತಿ ಅಲ್ಲ. ಟಿವಿಯಲ್ಲಿ ಕ್ವಿಜ್ ನಡೆಸುತ್ತಿದ್ದ ಮೈಕ್ ಬೊಂಜೊರ್ನೊ. 2021ರಲ್ಲಿ ಗಾಯಕಿ, ಟಿವಿ ನಿರೂಪಕಿ ರಫಾಯೆಲ್ಲಾ ಕರ್ರಾ ತೀರಿಕೊಂಡಾಗ ರೋಮ್ ನಗರಸಭೆಯ ಕಾಂಪಿದೊಲ್ಯೊ ಕಟ್ಟಡದಲ್ಲಿ ಅಂತಿಮ ದರ್ಶನಕ್ಕೆ ಇಟ್ಟಿದ್ದರು. 2025ರ ಆಗಸ್ಟ್ 16ರಂದು ಇನ್ನೊಬ್ಬ ನಿರೂಪಕ ಪಿಪ್ಪೊ ಬೌದೊ ಹೋದರು. ಆಗಲೂ ಇಡೀ ದೇಶ ತನ್ನ ಮನೆಯವರನ್ನೇ ಕಳೆದುಕೊಂಡ ಹಾಗೆ ಮಾತಾಡಿತು.

ನಮ್ಮಲ್ಲಿ ಇಂಥ ಪ್ರೀತಿ ಸಿಗುವುದು ಸಿನಿಮಾ ನಟರಿಗೆ. ಟಿವಿ ನಿರೂಪಕರನ್ನು ಜನ ಇಷ್ಟಪಡುತ್ತಾರೆ, ಆದರೆ ಈ ಮಟ್ಟಕ್ಕೆ ಅಲ್ಲ. ಇಟಲಿಯಲ್ಲಿ ದೊಡ್ಡ ಸಿನಿಮಾ ಉದ್ಯಮ ಇತ್ತು, ಜಗತ್ತಿಗೇ ಗೊತ್ತಿರುವ ನಟರಿದ್ದರು. ಅಷ್ಟಾದರೂ ಬರೀ ನಿಂತು ಮಾತಾಡುವ, ಪ್ರಶ್ನೆ ಕೇಳುವ ಇವರು ಅಷ್ಟು ಎತ್ತರಕ್ಕೆ ಹೋದದ್ದು ಹೇಗೆ? ಬಲ್ಲವರು ದಯವಿಟ್ಟು ಸ್ವಲ್ಪ ವಿವರವಾಗಿ ಬರೆಯಿರಿ. ಅವಸರವಿಲ್ಲ.

ಹಳೇಆಂಟೆನಾ
ನೇತ್ರಾವತಿ ಮೇಡಂ, ಉತ್ತರ ಶುರುವಾಗುವುದು ಮೊದಲ ದಿನದಿಂದಲೇ. 1954ರ ಜನವರಿ 3, ಭಾನುವಾರ. ಇಟಲಿಯ ಸಾರ್ವಜನಿಕ ಪ್ರಸಾರ ಸಂಸ್ಥೆ 'ರಾಯ್' ಅಂದು ನಿತ್ಯದ ಟಿವಿ ಪ್ರಸಾರ ಆರಂಭಿಸಿತು. ಫುಲ್ವಿಯಾ ಕೊಲೊಂಬೊ ಎಂಬ ಉದ್ಘೋಷಕಿ ಮಿಲಾನ್‌ನಿಂದ ಆ ಸುದ್ದಿಯನ್ನು ಹೇಳಿದರು. ಆಮೇಲೆ ಬಂದ ಮೊದಲ ಕಾರ್ಯಕ್ರಮ 'ಅರ್ರೀವಿ ಎ ಪಾರ್ತೆಂತ್ಸೆ'. ಊರಿಗೆ ಬರುವವರು, ಊರು ಬಿಟ್ಟು ಹೊರಟವರು, ಇಂಥವರನ್ನು ತಡೆದು ಮಾತಾಡಿಸುವ ಕಾರ್ಯಕ್ರಮ. ಮಾತಾಡಿಸಿದ್ದು ಇದೇ ಬೊಂಜೊರ್ನೊ. ಅಂದರೆ ಇಟಲಿಯ ಟಿವಿ ಹುಟ್ಟಿದ ದಿನದಿಂದ 2009ರವರೆಗೆ, 55 ವರ್ಷ, ಆ ಮುಖ ಪರದೆಯ ಮೇಲೆ ಇತ್ತು.

ಮೊದಲಿಗೆ ಟಿವಿ ಇದ್ದ ಮನೆಗಳು ಕೆಲವೇ ಸಾವಿರ. ಒಂದು ಸೆಟ್ ಕೊಳ್ಳಲು ಕೂಲಿಯವನ ಹಲವು ತಿಂಗಳ ಸಂಬಳ ಬೇಕಿತ್ತು. ಹಾಗಾಗಿ ಜನ ಬಾರ್‌ಗಳಲ್ಲಿ, ಚರ್ಚಿನ ಸಭಾಂಗಣಗಳಲ್ಲಿ, ಪಕ್ಷದ ಕಚೇರಿಗಳಲ್ಲಿ ಒಟ್ಟಿಗೆ ಕೂತು ನೋಡುತ್ತಿದ್ದರು. (ಅಲ್ಲಿ ಬಾರ್ ಅಂದರೆ ಕಾಫಿ ಅಂಗಡಿ. ನಮ್ಮ ಬಾರ್ ಅಲ್ಲ.) ಒಂದೇ ಚಾನೆಲ್, ಒಂದೇ ಕಾರ್ಯಕ್ರಮ, ಎದುರಿಗೆ ಇಡೀ ಊರು. ಎರಡನೇ ಚಾನೆಲ್ ಬಂದದ್ದು 1961ರ ನವೆಂಬರ್ 4ಕ್ಕೆ.

1955ರ ನವೆಂಬರ್ 19ರಂದು 'ಲಾಶಾ ಒ ರದ್ದೊಪ್ಯಾ' ಶುರುವಾಯಿತು. ಬಿಡುತ್ತೀಯಾ, ದುಪ್ಪಟ್ಟು ಮಾಡುತ್ತೀಯಾ ಅಂತ ಕೇಳುವ ಕ್ವಿಜ್. ಅಮೆರಿಕದ ಕಾರ್ಯಕ್ರಮವೊಂದರ ಮಾದರಿ. 2,500 ಲೀರಾದಿಂದ (ಆಗಿನ ಇಟಲಿಯ ಹಣ) ಶುರು. ಪ್ರತಿ ಸರಿ ಉತ್ತರಕ್ಕೂ ದುಪ್ಪಟ್ಟಾಗುತ್ತಾ ಹೋಗಿ ಕೊನೆಗೆ 51,20,000 ಲೀರಾ. ಕೊನೆಯ ಹಂತದಲ್ಲಿ ಎಡವಿದವರಿಗೆ ಸಮಾಧಾನಕ್ಕೆ ಒಂದು ಫಿಯಾಟ್ 600 ಕಾರು.

ಮೊದಮೊದಲು ಶನಿವಾರ ರಾತ್ರಿ ಬರುತ್ತಿತ್ತು. ಚಿತ್ರಮಂದಿರಗಳು ಖಾಲಿ ಹೊಡೆಯತೊಡಗಿದವು. ಮಾಲೀಕರು ಗಲಾಟೆ ಮಾಡಿದ ಮೇಲೆ ಗುರುವಾರಕ್ಕೆ ಹಾಕಿದರು. ಗುರುವಾರವೂ ಜನ ಬರಲಿಲ್ಲ. ಕೊನೆಗೆ ಚಿತ್ರಮಂದಿರದವರೇ ಹಾಲ್‌ನಲ್ಲಿ ಟಿವಿ ತಂದಿಟ್ಟು, ಸಿನಿಮಾ ಅರ್ಧಕ್ಕೆ ನಿಲ್ಲಿಸಿ ಕ್ವಿಜ್ ತೋರಿಸಿ, ಆಮೇಲೆ ಸಿನಿಮಾ ಮುಂದುವರಿಸಿದರು! ಸಿನಿಮಾಕ್ಕಿಂತ ನಿರೂಪಕ ಹೇಗೆ ದೊಡ್ಡವನಾದ ಅಂತ ಕೇಳಿದಿರಲ್ಲ, ಅದು ಆದದ್ದು ಈ ಗುರುವಾರಗಳಲ್ಲಿ.

ಪುಟ್ಟಗೌರಿ_ಓದು
ಹಳೇಆಂಟೆನಾ ಸರ್, ಸ್ಪರ್ಧಿಗಳು ಯಾರು? ಪ್ರೊಫೆಸರ್‌ಗಳಾ?

ಹಳೇಆಂಟೆನಾ
ಅಲ್ಲ, ಅದೇ ಅದರ ಜೀವ. ತಂಬಾಕು ಅಂಗಡಿಯ ಹೆಂಗಸು ಗ್ರೀಕ್ ದುರಂತ ನಾಟಕಗಳ ಬಗ್ಗೆ ಉತ್ತರ ಹೇಳುತ್ತಿದ್ದಳು. ಹುಡುಗಿಯೊಬ್ಬಳು ಫುಟ್‌ಬಾಲ್ ಬಗ್ಗೆ ಹೇಳುತ್ತಿದ್ದಳು. ಸಂಗೀತಗಾರ ವೆರ್ದಿಯ ಒಪೆರಾದಲ್ಲಿ (ಹಾಡಿನ ನಾಟಕ) ಒಂದು ಅಪರೂಪದ ಊದುವ ವಾದ್ಯ ಬಳಸಿದ್ದಾರೋ ಇಲ್ಲವೋ ಅನ್ನುವ ಪ್ರಶ್ನೆಗೆ ಸ್ಪರ್ಧಿ ಸೋತಾಗ ಪತ್ರಿಕೆಗಳಲ್ಲಿ ದಿನಗಟ್ಟಲೆ ವಾದ ನಡೆಯಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1959ರ ಒಂದು ಘಟನೆ. ಅಮೆರಿಕದ ಸಂಗೀತಗಾರ ಜಾನ್ ಕೇಜ್ ಆಗ ಮಿಲಾನ್‌ನಲ್ಲಿದ್ದರು. ಅವರು ಸ್ಪರ್ಧೆಗೆ ಬಂದರು, ಆದರೆ ಸಂಗೀತದ ಬಗ್ಗೆ ಅಲ್ಲ, ಅಣಬೆಗಳ ಬಗ್ಗೆ! ವಾರ ವಾರ ಗೆದ್ದು ಪೂರ್ತಿ ಹಣ ತೆಗೆದುಕೊಂಡು ಹೋದರು. ನಡುವೆ ಅದೇ ವೇದಿಕೆ ಮೇಲೆ ಸ್ನಾನದ ತೊಟ್ಟಿ, ರೇಡಿಯೊಗಳು, ಹೂಜಿ ಇಟ್ಟುಕೊಂಡು ತಮ್ಮ ಹೊಸ ಸಂಗೀತ ನುಡಿಸಿದರು. ಆ ಕಾಲದ ಅತಿ ಹೊಸ ಸಂಗೀತವನ್ನು ಹಳ್ಳಿಯ ಕಾಫಿ ಅಂಗಡಿಯಲ್ಲಿ ಕೂತ ರೈತ ನೋಡಿದ. ಗೆದ್ದ ಹಣದಲ್ಲಿ ಕೇಜ್ ಒಂದು ಪಿಯಾನೊ ಕೊಂಡರು, ಜೊತೆಗೆ ಗೆಳೆಯ ಮರ್ಸ್ ಕನಿಂಗ್‌ಹ್ಯಾಮ್ ಅವರ ನೃತ್ಯ ತಂಡಕ್ಕೆ ಒಂದು ಫೋಕ್ಸ್‌ವ್ಯಾಗನ್ ಬಸ್ಸು ಕೊಡಿಸಿದರು.

ತೊರಿನೊ_ಕನ್ನಡಿಗ
ನಾನು ಇರುವುದು ತೊರಿನೊ (ಟ್ಯೂರಿನ್) ಊರಲ್ಲಿ. ಇಲ್ಲಿ ವಿಯಾ ವೆರ್ದಿ ಎಂಬ ಬೀದಿಯಲ್ಲಿ ರಾಯ್ ಸಂಸ್ಥೆಯ ರೇಡಿಯೊ ಮತ್ತು ಟಿವಿ ಮ್ಯೂಸಿಯಂ ಇದೆ. ಹಳೆಯ ಕ್ಯಾಮೆರಾಗಳು, ಮರದ ಪೆಟ್ಟಿಗೆಯ ಟಿವಿಗಳು, ಎಲ್ಲ ಇಟ್ಟಿದ್ದಾರೆ. ಬಂದರೆ ತಪ್ಪದೆ ನೋಡಿ.

ಹಳೇಆಂಟೆನಾ ಅಣ್ಣ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಆಗಿನ ಇಟಲಿಯಲ್ಲಿ ಹೆಚ್ಚಿನವರು ಮನೆಯಲ್ಲಿ, ಸಂತೆಯಲ್ಲಿ ಆಡುತ್ತಿದ್ದದ್ದು ಇಟಾಲಿಯನ್ ಅಲ್ಲ. ನಾಪೊಲಿಯ (ನೇಪಲ್ಸ್) ಮಾತು, ಸಿಸಿಲಿಯ ಮಾತು, ವೆನೆತೊ ಕಡೆಯ ಮಾತು. ಇಟಾಲಿಯನ್ ಅಂದರೆ ಶಾಲೆ, ಕಚೇರಿ, ಚರ್ಚು. ಸಿಸಿಲಿಯವನು ಕೆಲಸ ಹುಡುಕಿಕೊಂಡು ತೊರಿನೊದ ಫಿಯಾಟ್ ಕಾರ್ಖಾನೆಗೆ ಬಂದರೆ ಪಕ್ಕದವನ ಮಾತು ಅವನಿಗೆ ಅರ್ಥವಾಗುತ್ತಿರಲಿಲ್ಲ. ಭಾಷಾಶಾಸ್ತ್ರಜ್ಞ ತುಲ್ಲಿಯೊ ದೆ ಮೌರೊ ಇದನ್ನು ಅಧ್ಯಯನ ಮಾಡಿ, ಇಟಾಲಿಯನ್ ಎಲ್ಲರ ಬಾಯಿಗೆ ಬಂದದ್ದರಲ್ಲಿ ಟಿವಿಯ ಪಾಲು ಬಹಳ ದೊಡ್ಡದು ಅಂತ ತೋರಿಸಿದರು.

ಆ ಇಟಾಲಿಯನ್ ಯಾರ ಬಾಯಿಂದ ಕೇಳಿತು? ನಿರೂಪಕರ ಬಾಯಿಂದ. ಬೊಂಜೊರ್ನೊ ಹುಟ್ಟಿದ್ದೇ ನ್ಯೂಯಾರ್ಕ್‌ನಲ್ಲಿ, 1924ರಲ್ಲಿ. ಯುದ್ಧದ ಹೊತ್ತಿಗೆ ಇಟಲಿಯಲ್ಲಿದ್ದವರನ್ನು ಗೆಸ್ಟಾಪೊ ಹಿಡಿದು ಮಿಲಾನ್‌ನ ಸಾನ್ ವಿತ್ತೋರೆ ಜೈಲಿಗೆ ಹಾಕಿತು. ಅಲ್ಲಿಂದ ಜರ್ಮನ್ ಶಿಬಿರಗಳಿಗೆ ಹೋಗಿ, ಕೈದಿಗಳ ವಿನಿಮಯದಲ್ಲಿ ಬಿಡುಗಡೆಯಾದರು. ಇಷ್ಟನ್ನು ಕಂಡವರು ಪ್ರತಿ ಸಲವೂ 'ಅಲ್ಲೆಗ್ರಿಯಾ!' ಅಂತ ಕೂಗಿ ಕಾರ್ಯಕ್ರಮ ಶುರು ಮಾಡುತ್ತಿದ್ದರು. ಸಂತೋಷವಾಗಿರೋಣ ಅನ್ನುವ ಹಾಗೆ. ಅವರ ಮಾತು ಸರಳ, ಸಣ್ಣ ವಾಕ್ಯ, ಕಷ್ಟದ ಪದ ಇಲ್ಲ.

ಲೇಖಕ ಉಂಬೆರ್ತೊ ಎಕೊ ಸ್ವತಃ ಟಿವಿಯ ಆರಂಭದ ವರ್ಷಗಳಲ್ಲಿ ರಾಯ್‌ನಲ್ಲಿ ಕೆಲಸ ಮಾಡಿದವರು. 1961ರಲ್ಲಿ ಬೊಂಜೊರ್ನೊ ಬಗ್ಗೆ ಒಂದು ಪ್ರಬಂಧ ಬರೆದರು. ಈ ಮನುಷ್ಯನನ್ನು ನೋಡಿದಾಗ ಯಾವ ವೀಕ್ಷಕನಿಗೂ ತಾನು ಕಡಿಮೆ ಅನಿಸುವುದಿಲ್ಲ, ಅದೇ ಅವನ ಶಕ್ತಿ ಅನ್ನುವುದು ಅದರ ತಿರುಳು. ಎಕೊ ಅದನ್ನು ಹರಿತವಾಗಿಯೇ ಬರೆದಿದ್ದರು. ನನಗೆ ಮಾತ್ರ ಅದು ದೊಡ್ಡ ಗುಣ ಅನಿಸುತ್ತದೆ. ಶಾಲೆಗೆ ಹೋಗದವನ ಎದುರು ನಿಂತು ಅವನಿಗೆ ಕೀಳರಿಮೆ ಬಾರದ ಹಾಗೆ ಮಾತಾಡುವುದು ಸುಲಭ ಅಲ್ಲ.

ಕೊಡಗಿನ_ಕಾಫಿ
ತೊರಿನೊ ಅಣ್ಣ, ಒಪ್ಪುತ್ತೇನೆ, ಆದರೆ ಇನ್ನೊಂದು ಮುಖವೂ ಇದೆಯಲ್ವಾ? ಎಲ್ಲರೂ ಒಂದೇ ಭಾಷೆ ಕಲಿತಾಗ ಊರಿನ ಮಾತುಗಳು ಮಕ್ಕಳ ಬಾಯಿಂದ ಹೋದವು. ಮನೆಮಾತು ಚಿಕ್ಕದಾಗುವ ನೋವು ನಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತು. ಅದನ್ನು ಬಿಟ್ಟು ಬರೀ ಲಾಭ ಬರೆಯಬಾರದು.

ತೊರಿನೊ_ಕನ್ನಡಿಗ
ಖಂಡಿತ ಇದೆ. ಇಲ್ಲಿನ ಪಿಯೆಮೊಂತೆ ಮಾತನ್ನು ವಯಸ್ಸಾದವರು ಆಡುತ್ತಾರೆ, ಹುಡುಗರು ಆಡುವುದು ಕಡಿಮೆ. ಅದರ ಹೊಣೆಯನ್ನೆಲ್ಲ ಟಿವಿ ಮೇಲೆ ಹಾಕಲಾರೆ. ಶಾಲೆ, ಸೈನ್ಯ, ವಲಸೆ ಎಲ್ಲ ಸೇರಿದೆ. ಟಿವಿಯ ಪಾಲು ಇರುವುದಂತೂ ನಿಜ.

ಶಾಲೆಮೇಷ್ಟ್ರು
ಭಾಷೆಯ ಮಾತು ಬಂತು, ಇನ್ನು ಸುಮ್ನೆ ಇರಲಾರೆ. ಅಲ್ಬೆರ್ತೊ ಮಾಂಜಿ ಅವರ ಹೆಸರು ಯಾರೂ ಎತ್ತಲಿಲ್ಲವಲ್ಲ!

ಮಾಂಜಿ ರೋಮ್‌ನ ಪ್ರಾಥಮಿಕ ಶಾಲಾ ಮೇಷ್ಟ್ರು. 1960ರ ನವೆಂಬರ್‌ನಿಂದ 1968ರವರೆಗೆ 'ನೊನ್ ಎ ಮಾಯ್ ತ್ರೊಪ್ಪೊ ತಾರ್ದಿ' ನಡೆಸಿದರು. ಓದು ಬಾರದ ದೊಡ್ಡವರಿಗೆ ಅಕ್ಷರ ಕಲಿಸುವ ಕಾರ್ಯಕ್ರಮ. ಒಟ್ಟು 484 ಕಂತು. ಸಂಜೆ, ಊಟಕ್ಕೆ ಮುಂಚೆ, ಜನ ಕೆಲಸ ಮುಗಿಸಿ ಬರುವ ಹೊತ್ತಿಗೆ. ಶಿಕ್ಷಣ ಸಚಿವಾಲಯದ ಜೊತೆ ಸೇರಿ ಊರೂರಲ್ಲಿ ಟಿವಿ ನೋಡುವ ಕೇಂದ್ರಗಳನ್ನು ಮಾಡಿದ್ದರು. ಅಲ್ಲಿ ಒಬ್ಬ ಶಿಕ್ಷಕ ಕೂತು ಸಹಾಯ ಮಾಡುತ್ತಿದ್ದ. ಈ ಕಾರ್ಯಕ್ರಮದ ನೆರವಿನಿಂದ ಸುಮಾರು 15 ಲಕ್ಷ ಜನ ಪ್ರಾಥಮಿಕ ಶಾಲೆಯ ಪ್ರಮಾಣಪತ್ರ ಪಡೆದರು ಅನ್ನುವ ಲೆಕ್ಕವನ್ನು ಇಟಲಿಯಲ್ಲಿ ಎಲ್ಲರೂ ಹೇಳುತ್ತಾರೆ.

ಹಳೆಯ ತುಣುಕುಗಳನ್ನು ನೋಡಿ, ಪಾಠದ ಕಲೆ ಅಂದರೆ ಅದು. ಎದುರಿಗೆ ದೊಡ್ಡ ಬಿಳಿ ಹಾಳೆಗಳ ಹಲಗೆ. ಕೈಯಲ್ಲಿ ಇದ್ದಿಲಿನ ಕಡ್ಡಿ. ಒಂದು ಗೆರೆ ಎಳೆಯುತ್ತಾರೆ, ಮಾತಾಡುತ್ತಲೇ ಇನ್ನೊಂದು ಎಳೆಯುತ್ತಾರೆ. ನೋಡುವವನು ಇದೇನು, ಮನೆಯಾ, ಕುದುರೆಯಾ ಅಂತ ಯೋಚಿಸುತ್ತಾ ಕೂರುತ್ತಾನೆ. ಚಿತ್ರ ಪೂರ್ತಿಯಾಗುವ ಹೊತ್ತಿಗೆ ಅದರ ಹೆಸರಿನ ಮೊದಲ ಅಕ್ಷರ ಬಂದಿರುತ್ತದೆ. ಹಾಳೆ ತಿರುಗಿಸುತ್ತಾರೆ, ಇನ್ನೊಂದು ಚಿತ್ರ. ಅರವತ್ತು ವರ್ಷದ ಅಜ್ಜಿಗೆ ಅಕ್ಷರ ಕಲಿಸುವಾಗಲೂ ಮಗುವಿಗೆ ಹೇಳಿದ ಹಾಗೆ ಹೇಳಲಿಲ್ಲ. ದನಿಯಲ್ಲಿ ಮರ್ಯಾದೆ ಇತ್ತು.

ಮುಂದೆ 1981ರಲ್ಲಿ ಶಾಲೆಗಳಿಗೆ ಹೊಸ ಮೌಲ್ಯಮಾಪನ ಪತ್ರ ಬಂದಾಗ ಮಕ್ಕಳಿಗೆ ಹಣೆಪಟ್ಟಿ ಹಚ್ಚುವುದಿಲ್ಲ ಅಂತ ಮಾಂಜಿ ಬರೆಯಲು ನಿರಾಕರಿಸಿದರು. ಶಿಕ್ಷೆಯೂ ಆಯಿತು. ಕೊನೆಗೆ ಎಲ್ಲ ಮಕ್ಕಳಿಗೂ ಒಂದೇ ಮಾತಿನ ಠಸ್ಸೆ ಮಾಡಿಸಿ ಒತ್ತಿದರು: ಆಗುವುದನ್ನು ಮಾಡುತ್ತಾನೆ, ಆಗದ್ದನ್ನು ಮಾಡುವುದಿಲ್ಲ. ಅಷ್ಟೊಂದು ಹೆಸರು ಬಂದ ಮೇಲೂ ತರಗತಿ ಬಿಡದ ಈ ಮನುಷ್ಯನ ಬಗ್ಗೆ ನನಗೆ ಅಪಾರ ಗೌರವ.

ಪುಟ್ಟಗೌರಿ_ಓದು
ಮೇಷ್ಟ್ರೇ, ಓದಿ ಮನಸ್ಸು ತುಂಬಿತು. ಧನ್ಯವಾದ.

ನನ್ನದೊಂದು ಪ್ರಶ್ನೆ. ಹೆಂಗಸರು ಎಲ್ಲಿ? ಇಲ್ಲಿಯವರೆಗೆ ಬಂದ ಹೆಸರುಗಳಲ್ಲಿ ಒಬ್ಬ ಉದ್ಘೋಷಕಿ ಬಿಟ್ಟರೆ ಎಲ್ಲ ಗಂಡಸರೇ.

ಸುಮಾ_ಮೈಸೂರು
ಗೌರಿ, ಹೆಂಗಸರು ಇದ್ದರು. ಆದರೆ ಎಲ್ಲಿ ನಿಲ್ಲಬೇಕು ಅಂತ ಬೇರೆಯವರು ತೀರ್ಮಾನಿಸಿದ್ದರು.

ಒಂದು ಜಾಗ ಉದ್ಘೋಷಕಿಯರದ್ದು. ಅವರನ್ನು 'ಸಿನ್ಯೊರೀನೆ ಬುವೊನಸೇರಾ' ಅನ್ನುತ್ತಿದ್ದರು, ಸಂಜೆಯ ವಂದನೆ ಹೇಳುವ ಹುಡುಗಿಯರು ಅಂತ. ನಿಕೊಲೆತ್ತಾ ಒರ್ಸೊಮಾಂದೊ 1953ರಲ್ಲಿ ಪ್ರಯೋಗದ ಪ್ರಸಾರದ ದಿನಗಳಲ್ಲೇ ಬಂದವರು, 1993ರವರೆಗೆ ಇದ್ದರು. ನಲವತ್ತು ವರ್ಷ! ಇನ್ನೊಂದು ಜಾಗ ಕ್ವಿಜ್‌ಗಳಲ್ಲಿ ನಿರೂಪಕನ ಪಕ್ಕ ನಿಲ್ಲುವ 'ವಲ್ಲೆತ್ತಾ'ಳದ್ದು. ಲಕೋಟೆ ತಂದುಕೊಡಬೇಕು, ನಗಬೇಕು, ಅಷ್ಟೇ. 1970ರಲ್ಲಿ ಶುರುವಾದ 'ರಿಸ್ಕ್ಯಾತುತ್ತೊ' ಎಂಬ ಬೊಂಜೊರ್ನೊ ಕ್ವಿಜ್‌ನಲ್ಲಿ ಸಬೀನಾ ಚುಫ್ಫೀನಿ ಮಾತಾಡಿದಾಗ, ವಲ್ಲೆತ್ತಾ ಮಾತಾಡಿದಳು ಅಂತ ಅದೇ ಒಂದು ಸುದ್ದಿಯಾಯಿತು. ಯೋಚಿಸಿ ನೋಡಿ.

ಈ ಗೋಡೆ ಒಡೆದದ್ದು ರಫಾಯೆಲ್ಲಾ ಕರ್ರಾ. ಬೊಲೊನ್ಯಾ ಊರಿನವರು, 1943ರಲ್ಲಿ ಹುಟ್ಟಿದವರು. 1970ರಲ್ಲಿ 'ಕಾಂತ್ಸೊನಿಸ್ಸಿಮಾ' ಎಂಬ ಹಾಡು-ನೃತ್ಯದ ಕಾರ್ಯಕ್ರಮದಲ್ಲಿ ಹೊಕ್ಕುಳು ಕಾಣುವ ಉಡುಗೆ ತೊಟ್ಟು ಕುಣಿದದ್ದಕ್ಕೆ ದೊಡ್ಡ ಗದ್ದಲ. ಮರುವರ್ಷ 'ತೂಕಾ ತೂಕಾ' ಎಂಬ ನೃತ್ಯ ಬಂತು. ಇಬ್ಬರು ಒಬ್ಬರಿನ್ನೊಬ್ಬರ ಮೊಣಕಾಲು, ಸೊಂಟ, ಭುಜ ಮುಟ್ಟುತ್ತಾ ಕುಣಿಯುವುದು. ಅದನ್ನು ರಾಯ್ ತಡೆಯಿತು. ಆಮೇಲೆ ನಟ ಅಲ್ಬೆರ್ತೊ ಸೋರ್ದಿ ಅತಿಥಿಯಾಗಿ ಬಂದು ಅವರ ಜೊತೆ ಅದನ್ನೇ ಕುಣಿದರು. ಅಷ್ಟು ದೊಡ್ಡ ನಟನಿಗೆ ಯಾರು ಬೇಡ ಅನ್ನುತ್ತಾರೆ?

ಆದರೆ ನನಗೆ ಕರ್ರಾ ದೊಡ್ಡವರಾಗಿ ಕಾಣುವುದು 1983ರ 'ಪ್ರೊಂತೊ, ರಫಾಯೆಲ್ಲಾ?'ದಿಂದ. ಮಧ್ಯಾಹ್ನದ ಹೊತ್ತು, ಮನೆಯಲ್ಲಿರುವ ಹೆಂಗಸರು, ವಯಸ್ಸಾದವರು ಫೋನ್ ಮಾಡುತ್ತಿದ್ದರು. ಮೇಜಿನ ಮೇಲೆ ಗಾಜಿನ ಜಾಡಿ, ಅದರ ತುಂಬ ಹುರುಳಿಕಾಯಿ ಬೀಜ. ಎಷ್ಟಿವೆ ಹೇಳಿ ಅನ್ನುವುದೇ ಆಟ. ಉತ್ತರ ಹೇಳಲು ಓದು ಬೇಕಿಲ್ಲ, ಧೈರ್ಯ ಬೇಕಿಲ್ಲ, ಫೋನ್ ಸಿಕ್ಕಿದರೆ ಸಾಕು. ಇಡೀ ಕಾರ್ಯಕ್ರಮ ಒಬ್ಬ ಹೆಂಗಸಿನ ಹೆಸರಲ್ಲಿ, ಅವಳ ಹಿಡಿತದಲ್ಲಿ ನಡೆಯಿತು. 1984ರಲ್ಲಿ ರಾಯ್ ಅವರಿಗೆ ದೊಡ್ಡ ಮೊತ್ತದ ಒಪ್ಪಂದ ಕೊಟ್ಟಾಗ ಪ್ರಧಾನಿ ಕ್ರಾಕ್ಸಿಯೇ ಅದರ ಬಗ್ಗೆ ಟೀಕೆ ಮಾಡಿದರು. ನಿರೂಪಕಿಯ ಸಂಬಳ ಪ್ರಧಾನಿಯ ಮಾತಿನ ವಿಷಯವಾದ ದೇಶ ಅದು.

ಹಳೇಆಂಟೆನಾ
ಸುಮಾ ಅವರು 'ತಡೆಯಿತು' ಅಂದರಲ್ಲ, ಆ ಕಾಲದ ರಾಯ್ ಬಗ್ಗೆ ಸ್ವಲ್ಪ ಹೇಳಬೇಕು. ಸಂಸ್ಥೆ ಇದ್ದದ್ದು ಆಳುವ ಕ್ರಿಶ್ಚಿಯನ್ ಡೆಮಾಕ್ರಟಿಕ್ ಪಕ್ಷದ ಕೈಯಲ್ಲಿ. ಕುಣಿಯುವವರ ಕಾಲಿಗೆ ದಪ್ಪ ಕಪ್ಪು ಕಾಲ್ಚೀಲ ಹಾಕಿಸುತ್ತಿದ್ದರು. ರಾಜಕೀಯಕ್ಕೆ ಅದಕ್ಕಿಂತ ಬಿಗಿ. 1959ರಲ್ಲಿ ರಾಷ್ಟ್ರಪತಿ ಗ್ರೊಂಕಿ ಲಾ ಸ್ಕಾಲಾ ರಂಗಮಂದಿರದಲ್ಲಿ, ಪಕ್ಕದಲ್ಲಿ ಫ್ರಾನ್ಸಿನ ಅಧ್ಯಕ್ಷ ದ ಗಾಲ್ ಇರುವಾಗಲೇ, ಕುರ್ಚಿ ತಪ್ಪಿ ಬಿದ್ದರು. ಪತ್ರಿಕೆಗಳು ಬಾಯಿ ಬಿಡಲಿಲ್ಲ. ಹಾಸ್ಯನಟರಾದ ಉಗೊ ತೊನ್ಯಾತ್ಸಿ ಮತ್ತು ರೈಮೊಂದೊ ವಿಯನೆಲ್ಲೊ ನೇರ ಪ್ರಸಾರದಲ್ಲಿ ಕುರ್ಚಿಯಿಂದ ಬೀಳುವ ಒಂದು ಸಣ್ಣ ಅಣಕ ಮಾಡಿದರು. ಅವರ ಕಾರ್ಯಕ್ರಮ ಅಲ್ಲಿಗೇ ಮುಗಿಯಿತು.

1962ರಲ್ಲಿ 'ಕಾಂತ್ಸೊನಿಸ್ಸಿಮಾ' ನಡೆಸಲು ನಾಟಕಕಾರ ದಾರಿಯೊ ಫೊ ಮತ್ತು ಅವರ ಪತ್ನಿ, ನಟಿ ಫ್ರಾಂಕಾ ರಾಮೆ ಅವರನ್ನು ಕರೆದರು. ಕಟ್ಟಡ ಕೆಲಸಗಾರರ ಸಾವಿನ ಬಗ್ಗೆ ಅವರು ಮಾಡಿದ ಪ್ರಸಂಗಕ್ಕೆ ಕತ್ತರಿ ಹಾಕಲು ಹೋದಾಗ ಇಬ್ಬರೂ ಕಾರ್ಯಕ್ರಮವನ್ನೇ ಬಿಟ್ಟು ಹೊರಟರು. ಫೊ ಅವರಿಗೆ 1997ರಲ್ಲಿ ಸಾಹಿತ್ಯದ ನೊಬೆಲ್ ಬಂತು.

ಜಾಹೀರಾತಿಗೂ ನಿಯಮ ಇತ್ತು. 1957ರಿಂದ 1977ರ ಜನವರಿ 1ರವರೆಗೆ ರಾತ್ರಿ 'ಕರೊಸೆಲ್ಲೊ' ಅಂತ ಬರುತ್ತಿತ್ತು. ಸುಮಾರು ಎರಡು ನಿಮಿಷದ ಪುಟ್ಟ ಕಥೆ. ಅದರಲ್ಲಿ ಸರಕಿನ ಹೆಸರು ಎತ್ತುವ ಹಾಗಿಲ್ಲ. ಕೊನೆಯ ಕೆಲವೇ ಸೆಕೆಂಡ್ ಮಾತ್ರ ಕಂಪನಿಗೆ. ಹಾಗಾಗಿ ಕಥೆ ಚೆನ್ನಾಗಿರಲೇಬೇಕಿತ್ತು. ಅದು ಮುಗಿದರೆ ಮಕ್ಕಳು ಮಲಗಬೇಕು ಅನ್ನುವುದು ಮನೆಮನೆಯ ನಿಯಮ.

ಕೋರ್ಟುಕಚೇರಿ
ನಾನು ವಕೀಲಿಕೆ ಮಾಡುವವನು. ಎಂಜೊ ತೋರ್ತೊರಾ ವಿಷಯ ಬರಲಿ ಅಂತ ಕಾಯುತ್ತಿದ್ದೆ. ನನ್ನ ಪ್ರಕಾರ ಇಟಲಿಯ ಟಿವಿ ಚರಿತ್ರೆಯಲ್ಲಿ ಇದಕ್ಕಿಂತ ಮುಖ್ಯವಾದ ಕಥೆ ಇಲ್ಲ. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆ ಇರಲಿ.

ತೋರ್ತೊರಾ ಓದಿಕೊಂಡ, ಮೆಲುದನಿಯ ಪತ್ರಕರ್ತ. 1969ರಲ್ಲಿ ರಾಯ್ ಆಡಳಿತವನ್ನು ಬಹಿರಂಗವಾಗಿ ಟೀಕಿಸಿದ್ದಕ್ಕೆ ಹೊರಗೆ ಹಾಕಿದರು. ವಾಪಸ್ ಬಂದು 1977ರಲ್ಲಿ 'ಪೊರ್ತೊಬೆಲ್ಲೊ' ಶುರು ಮಾಡಿದರು. ಶುಕ್ರವಾರ ರಾತ್ರಿ. ಸ್ಟುಡಿಯೊದಲ್ಲೇ ಒಂದು ಸಂತೆ. ಹಳೆಯ ವಸ್ತು ಮಾರುವವರು, ಕಳೆದುಹೋದ ನೆಂಟರನ್ನು ಹುಡುಕುವವರು, ಮದುವೆಗೆ ಸಂಗಾತಿ ಬೇಕಾದವರು, ಹೊಸದೇನನ್ನೋ ಕಂಡುಹಿಡಿದವರು. ಒಬ್ಬರು ಬಂದು, ಪೊ ನದಿ ಬಯಲಿನ ಮಂಜು ಹೋಗಬೇಕಾದರೆ ತುರ್ಕೀನೊ ಕಣಿವೆಯ ಬೆಟ್ಟವನ್ನೇ ಸಮ ಮಾಡಬೇಕು ಅಂದರು. ತೋರ್ತೊರಾ ಅವರ ಮಾತನ್ನೂ ಗಂಭೀರವಾಗಿ ಕೇಳಿದರು. ಕೊನೆಗೆ ಒಂದು ಗಿಳಿ. ಅದರ ಬಾಯಲ್ಲಿ 'ಪೊರ್ತೊಬೆಲ್ಲೊ' ಅನ್ನಿಸಿದವರಿಗೆ ಬಹುಮಾನ. ಗಿಳಿ ವರ್ಷಗಟ್ಟಲೆ ಬಾಯಿ ಬಿಡಲಿಲ್ಲ. ಎರಡು ಕೋಟಿಗೂ ಜಾಸ್ತಿ ಜನ ಇದನ್ನು ನೋಡುತ್ತಿದ್ದರು.

1983ರ ಜೂನ್ 17ರ ಬೆಳಗಿನ ಜಾವ ರೋಮ್‌ನ ಹೋಟೆಲೊಂದರಲ್ಲಿ ಅವರನ್ನು ಬಂಧಿಸಿದರು. ಆರೋಪ: ನಾಪೊಲಿಯ ಕಮೊರ್ರಾ ಭೂಗತ ಗುಂಪಿನ ಸದಸ್ಯ, ಮಾದಕ ವಸ್ತು ಸಾಗಣೆ. ಕೈಕೋಳ ಹಾಕಿ ಕ್ಯಾಮೆರಾಗಳ ಮುಂದೆಯೇ ನಡೆಸಿಕೊಂಡು ಹೋದರು. ಸಾಕ್ಷಿ ಯಾರು? ತಾವೇ ಶಿಕ್ಷೆ ಅನುಭವಿಸುತ್ತಿದ್ದ, ಬಾಯಿ ಬಿಟ್ಟರೆ ಲಾಭವಿದ್ದ ಅಪರಾಧಿಗಳು. ದಾಖಲೆ ಏನು? ಗುಂಪಿನವನೊಬ್ಬನ ಫೋನ್ ಪುಸ್ತಕದಲ್ಲಿ ಕೈಬರಹದ ಒಂದು ಹೆಸರು. ಅದು ತೋರ್ತೊರಾ ಅಲ್ಲ, ತೊರ್ತೋನಾ. ಪಕ್ಕದಲ್ಲಿದ್ದ ನಂಬರಿಗೆ ಒಂದು ಫೋನ್ ಮಾಡಿ ನೋಡುವ ಕೆಲಸವನ್ನೂ ತನಿಖೆ ಮಾಡಿರಲಿಲ್ಲ.

ಇನ್ನೊಂದು ಎಳೆ ಕೇಳಿ. ಜೈಲಿನ ಕೈದಿಯೊಬ್ಬ ಅಲ್ಲಿ ಹೆಣೆದ ಕ್ರೋಶಾ ಕಸೂತಿಯ ಮೇಜಿನ ಹೊದಿಕೆಗಳನ್ನು ಮಾರಿಕೊಡಿ ಅಂತ 'ಪೊರ್ತೊಬೆಲ್ಲೊ'ಗೆ ಕಳಿಸಿದ್ದ. ರಾಯ್ ಕಚೇರಿಯಲ್ಲಿ ಅವು ಕಳೆದುಹೋದವು. ಅವನು ಬೈದು ಪತ್ರ ಬರೆದ, ತೋರ್ತೊರಾ ಉತ್ತರ ಬರೆದರು, ಸಂಸ್ಥೆ ಪರಿಹಾರ ಕೊಟ್ಟಿತು. ಈ ಪತ್ರಗಳಲ್ಲಿ 'ಹೊದಿಕೆ' ಅಂದರೆ ಮಾದಕ ವಸ್ತು ಅಂತ ಆರೋಪ ಕಟ್ಟಿದರು. ಪ್ರತಿ ಸಲ ಓದಿದಾಗಲೂ ನನಗೆ ಸಿಟ್ಟು ಬರುತ್ತದೆ.

ಏಳು ತಿಂಗಳು ಜೈಲು, ಆಮೇಲೆ ಗೃಹಬಂಧನ. 1984ರಲ್ಲಿ ರ‍್ಯಾಡಿಕಲ್ ಪಕ್ಷದಿಂದ ಯುರೋಪಿನ ಸಂಸತ್ತಿಗೆ ಆಯ್ಕೆಯಾದರು. 1985ರ ಸೆಪ್ಟೆಂಬರ್‌ನಲ್ಲಿ 10 ವರ್ಷ ಶಿಕ್ಷೆ ಆಯಿತು. ಸಂಸದನಾಗಿ ಸಿಗುವ ರಕ್ಷಣೆ ಬೇಡ ಅಂತ ರಾಜೀನಾಮೆ ಕೊಟ್ಟು ಮತ್ತೆ ಬಂಧನಕ್ಕೆ ಒಳಗಾದರು. 1986ರ ಸೆಪ್ಟೆಂಬರ್ 15ರಂದು ಮೇಲ್ಮನವಿಯಲ್ಲಿ ಪೂರ್ತಿ ನಿರ್ದೋಷಿ ಅಂತ ತೀರ್ಪು ಬಂತು. 1987ರಲ್ಲಿ ಅತ್ಯುನ್ನತ ನ್ಯಾಯಾಲಯವೂ ಅದನ್ನೇ ಎತ್ತಿ ಹಿಡಿಯಿತು.

1987ರ ಫೆಬ್ರವರಿ 20, ಶುಕ್ರವಾರ. ಅದೇ ಸ್ಟುಡಿಯೊ ಕಾರ್ಯಕ್ರಮಕ್ಕೆ ವಾಪಸ್ ಬಂದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಲೇ ಇದ್ದರು. ಅವರು ಹೇಳಿದ ಮೊದಲ ಮಾತು: "ಸರಿ, ನಾವು ಎಲ್ಲಿಗೆ ನಿಲ್ಲಿಸಿದ್ದೆವು?" ಅಷ್ಟು ಹೊತ್ತಿಗೆ ದೇಹ ಸೋತಿತ್ತು. 1988ರ ಮೇ 18ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. 59 ವರ್ಷ.

ಕೊಡಗಿನ_ಕಾಫಿ
ಬಂಧಿಸಿದ ದಿನ ಪತ್ರಿಕೆಗಳು ಏನು ಬರೆದವು ಸರ್?

ಕೋರ್ಟುಕಚೇರಿ
ಬಹಳ ಮಂದಿ ಅಪರಾಧಿ ಅಂತಲೇ ಬರೆದರು. ಟಿವಿಯಲ್ಲಿ ಕಂಡ ಕೈಕೋಳವೇ ಅವರಿಗೆ ತೀರ್ಪಾಯಿತು. ಪತ್ರಕರ್ತ ಎಂಜೊ ಬಿಯಾಜಿಯಂಥ ಕೆಲವರು ಮಾತ್ರ, ಇವರು ನಿರ್ದೋಷಿಯಾಗಿದ್ದರೆ ಅಂತ ಮೊದಲೇ ಕೇಳಿದರು. ಇಂದಿಗೂ ಇಟಲಿಯಲ್ಲಿ ನ್ಯಾಯಾಂಗದ ತಪ್ಪಿನ ಮಾತು ಬಂದರೆ ಮೊದಲು ಬರುವ ಹೆಸರು ತೋರ್ತೊರಾ. ನ್ಯಾಯಾಧೀಶರ ಹೊಣೆಗಾರಿಕೆ ಬಗ್ಗೆ 1987ರಲ್ಲಿ ನಡೆದ ಜನಮತಗಣನೆಗೆ ಈ ಪ್ರಕರಣವೇ ಬಲ ಕೊಟ್ಟಿತು.

ನೇತ್ರಾವತಿ_ತೀರ
ಕೋರ್ಟುಕಚೇರಿ ಸರ್, ಇಷ್ಟು ವಿವರವಾಗಿ ಬರೆದದ್ದಕ್ಕೆ ಕೃತಜ್ಞತೆ. ಇನ್ನು ಖಾಸಗಿ ಟಿವಿ ಕಟ್ಟಿ ಮುಂದೆ ಪ್ರಧಾನಿಯಾದ ಬೆರ್ಲುಸ್ಕೋನಿ ವಿಷಯ ಯಾರಾದರೂ ಬರೆಯುತ್ತೀರಾ? ಆ ಭಾಗ ಬಿಟ್ಟರೆ ಕಥೆ ಅರ್ಧವೇ.

ತೊರಿನೊ_ಕನ್ನಡಿಗ
ಬರೆಯುತ್ತೇನೆ ಮೇಡಂ. 1971ರಲ್ಲಿ ನಮ್ಮ ಪಕ್ಕದ ಬಿಯೆಲ್ಲಾ ಊರಿನಲ್ಲಿ 'ತೆಲೆಬಿಯೆಲ್ಲಾ' ಎಂಬ ಪುಟ್ಟ ಕೇಬಲ್ ಟಿವಿ ಶುರುವಾಯಿತು. ಸರ್ಕಾರ ಮುಚ್ಚಿಸಿತು, ವಿಷಯ ನ್ಯಾಯಾಲಯಕ್ಕೆ ಹೋಯಿತು. 1974 ಮತ್ತು 1976ರಲ್ಲಿ ಸಂವಿಧಾನ ನ್ಯಾಯಾಲಯ ಸ್ಥಳೀಯ ಖಾಸಗಿ ಪ್ರಸಾರಕ್ಕೆ ದಾರಿ ತೆರೆಯಿತು. ಗಮನಿಸಿ, ಸ್ಥಳೀಯ ಮಾತ್ರ. ಇಡೀ ದೇಶಕ್ಕೆ ಪ್ರಸಾರ ಮಾಡುವ ಹಕ್ಕು ರಾಯ್‌ಗೇ ಇತ್ತು.

ಬೆರ್ಲುಸ್ಕೋನಿ ಮಿಲಾನ್‌ನ ಕಟ್ಟಡ ವ್ಯಾಪಾರಿ. ತಾವು ಕಟ್ಟಿಸಿದ ಬಡಾವಣೆಯ ಕೇಬಲ್ ಟಿವಿಯಿಂದ ಶುರು ಮಾಡಿ 1980ರಲ್ಲಿ 'ಕನಾಲೆ 5' ಮಾಡಿದರು. ಕಾನೂನು ತಪ್ಪಿಸಲು ಕಂಡ ದಾರಿ ಏನು? ಒಂದೇ ಕಾರ್ಯಕ್ರಮದ ಕ್ಯಾಸೆಟ್‌ಗಳನ್ನು ದೇಶದ ಎಲ್ಲ ಸ್ಥಳೀಯ ಕೇಂದ್ರಗಳಿಗೆ ಮೊದಲೇ ಕಳಿಸುವುದು, ಎಲ್ಲರೂ ಒಂದೇ ಹೊತ್ತಿಗೆ ಹಾಕುವುದು. ನೋಡುವವನಿಗೆ ಅದು ರಾಷ್ಟ್ರೀಯ ಚಾನೆಲ್. ಕಾಗದದ ಮೇಲೆ ಸ್ಥಳೀಯ.

ಜನ ನಂಬಬೇಕಾದರೆ ಪರಿಚಯದ ಮುಖ ಬೇಕಲ್ವಾ? ಬೊಂಜೊರ್ನೊ ಅವರನ್ನೇ ಕರೆತಂದರು. ಆಮೇಲೆ ನಿರೂಪಕ ಕೊರ್ರಾದೊ, ವಿಯನೆಲ್ಲೊ, ಹೀಗೆ ಹಲವರು ಬಂದರು. ಮುಂದೆ 'ಇಟಾಲಿಯಾ 1', 1984ರಲ್ಲಿ 'ರೆತೆ 4' ಚಾನೆಲ್‌ಗಳನ್ನೂ ಕೊಂಡರು. ಅದೇ ವರ್ಷ ಅಕ್ಟೋಬರ್‌ನಲ್ಲಿ ತೊರಿನೊ, ರೋಮ್, ಪೆಸ್ಕಾರಾ ನ್ಯಾಯಾಧೀಶರು ಇದು ಕಾನೂನುಬಾಹಿರ ಅಂತ ಪ್ರಸಾರ ನಿಲ್ಲಿಸಿದರು. ಮಕ್ಕಳ ಕಾರ್ಟೂನ್ ನಿಂತಿತು, ಮನೆಮನೆಯಲ್ಲಿ ಗಲಾಟೆ. ಕೆಲವೇ ದಿನಗಳಲ್ಲಿ ಕ್ರಾಕ್ಸಿ ಸರ್ಕಾರ ಸುಗ್ರೀವಾಜ್ಞೆ ತಂದು ಪರದೆ ಬೆಳಗಿಸಿತು. 1990ರ ಟಿವಿ ಪ್ರಸಾರದ ಕಾನೂನು, 'ಮಮ್ಮೀ ಕಾನೂನು', ಮೂರೂ ಚಾನೆಲ್‌ಗಳನ್ನು ಪಕ್ಕಾ ಮಾಡಿತು. ಅದನ್ನು ವಿರೋಧಿಸಿ ಐವರು ಮಂತ್ರಿಗಳು ರಾಜೀನಾಮೆ ಕೊಟ್ಟರು. ಅವರಲ್ಲಿ ಒಬ್ಬರು ಸೆರ್ಜೊ ಮತ್ತರೆಲ್ಲಾ. 2015ರಲ್ಲಿ ಅವರು ರಾಷ್ಟ್ರಪತಿಯಾದರು.

1994ರ ಜನವರಿ 26ರಂದು ಬೆರ್ಲುಸ್ಕೋನಿ ರಾಜಕೀಯಕ್ಕೆ ಬರುತ್ತೇನೆ ಅಂತ ಹೇಳಿದ್ದೂ ಒಂದು ವಿಡಿಯೊ ಕ್ಯಾಸೆಟ್‌ನಲ್ಲೇ. ಎರಡು ತಿಂಗಳಲ್ಲಿ ಚುನಾವಣೆ ಗೆದ್ದರು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ರಾಯ್‌ನ ಏಕಸ್ವಾಮ್ಯ ಮುರಿದದ್ದು ಒಳ್ಳೆಯದೇ. ಆದರೆ ಅದರ ಜಾಗಕ್ಕೆ ನೂರು ದನಿ ಬರಲಿಲ್ಲ, ಒಬ್ಬ ಮಾಲೀಕ ಬಂದ. 2002ರ ಏಪ್ರಿಲ್ 18ರಂದು ಪ್ರಧಾನಿಯಾಗಿ ಬಲ್ಗೇರಿಯಾದ ಸೋಫಿಯಾಕ್ಕೆ ಹೋದಾಗ ಅವರು ಪತ್ರಕರ್ತರಾದ ಎಂಜೊ ಬಿಯಾಜಿ, ಮಿಕೆಲೆ ಸಾಂತೊರೊ, ಹಾಸ್ಯಗಾರ ದಾನಿಯೆಲೆ ಲುತ್ತಾತ್ಸಿ ಮೂವರ ಹೆಸರು ಎತ್ತಿ ಸಾರ್ವಜನಿಕ ಟಿವಿಯನ್ನು ದುರ್ಬಳಕೆ ಮಾಡಿದರು ಅಂದರು. ಮೂವರೂ ರಾಯ್ ಪರದೆಯಿಂದ ಮರೆಯಾದರು. ಬಿಯಾಜಿಗೆ ಆಗ 81 ವರ್ಷ. 2007ರ ವಸಂತದಲ್ಲಿ ಮತ್ತೆ ಬಂದರು. ಅದೇ ವರ್ಷ ನವೆಂಬರ್ 6ಕ್ಕೆ ತೀರಿಕೊಂಡರು.

ಕೊಡಗಿನ_ಕಾಫಿ
ನಿರೂಪಕರಿಗೆ ಬಾಂಬ್ ಇಟ್ಟದ್ದು ಕೂಡ ಅಲ್ಲೇ ಅಲ್ವಾ?

ಹಳೇಆಂಟೆನಾ
ಹೌದು. 1991ರ ಸೆಪ್ಟೆಂಬರ್ 26ರಂದು, ಮಾಫಿಯಾಕ್ಕೆ ಹಣ ಕೊಡಲು ಒಪ್ಪದ ಪಾಲೆರ್ಮೊದ ಉದ್ಯಮಿ ಲೀಬೆರೊ ಗ್ರಾಸ್ಸಿಯ ಕೊಲೆಯಾದ ಮೇಲೆ, ರಾಯ್‌ನ ಸಾಂತೊರೊ ಮತ್ತು ಖಾಸಗಿ ಟಿವಿಯ ಮೌರಿತ್ಸಿಯೊ ಕೊಸ್ತಾಂತ್ಸೊ ಸೇರಿ ಒಂದೇ ರಾತ್ರಿ ಜಂಟಿ ಪ್ರಸಾರ ಮಾಡಿದರು. ಕೊಸ್ತಾಂತ್ಸೊ 'ಮಾಫಿಯಾ, ಮೇಡ್ ಇನ್ ಇಟಲಿ' ಅಂತ ಬರೆದ ಅಂಗಿಯನ್ನು ಪರದೆ ಮೇಲೆಯೇ ಸುಟ್ಟರು. 1993ರ ಮೇ 14ರಂದು ರೋಮ್‌ನ ವಿಯಾ ಫೌರೊ ಬೀದಿಯಲ್ಲಿ ಅವರ ಕಾರು ಹಾದುಹೋಗುವಾಗ ಬಾಂಬ್ ಸಿಡಿಯಿತು. ಜೊತೆಗೆ ನಿರೂಪಕಿ ಮಾರಿಯಾ ದೆ ಫಿಲಿಪ್ಪಿಯೂ ಇದ್ದರು. ಇಬ್ಬರೂ ಬದುಕಿದರು.

ಪಿಪ್ಪೊ ಬೌದೊ ಅವರ ಸಿಸಿಲಿಯ ಮನೆಯನ್ನೂ 1991ರಲ್ಲಿ ಬಾಂಬ್ ಇಟ್ಟು ಕೆಡವಿದ್ದರು. ಮಿಲಿತೆಲ್ಲೊ ಎಂಬ ಸಣ್ಣ ಊರಿನಿಂದ ಬಂದವರು, ಕಾನೂನು ಓದಿದವರು, ಪಿಯಾನೊ ನುಡಿಸುತ್ತಿದ್ದವರು. ಸಾನ್ರೆಮೊ ಹಾಡಿನ ಉತ್ಸವವನ್ನು 1968ರಿಂದ 2008ರ ನಡುವೆ 13 ಸಲ ನಡೆಸಿದರು. ಅಷ್ಟು ಸಲ ಬೇರೆ ಯಾರೂ ನಡೆಸಿಲ್ಲ. ಹೊಸ ಹಾಡುಗಾರರನ್ನು ಹುಡುಕಿ ವೇದಿಕೆಗೆ ತಂದು ನಿಲ್ಲಿಸುವುದು ಅವರ ದೊಡ್ಡ ಗುಣ. ಅಂತ್ಯಕ್ರಿಯೆ ಅದೇ ಮಿಲಿತೆಲ್ಲೊದಲ್ಲೇ ಆಯಿತು.

ಪುಟ್ಟಗೌರಿ_ಓದು
ಭಾರತದವರು ಯಾರಾದರೂ ಇಟಲಿ ಟಿವಿಯಲ್ಲಿ ಹೆಸರು ಮಾಡಿದ್ದಾರಾ?

ಸುಮಾ_ಮೈಸೂರು
ಕಬೀರ್ ಬೇಡಿ! 1976ರ ಆರಂಭದಲ್ಲಿ ರಾಯ್ ತೋರಿಸಿದ 'ಸಾಂದೊಕಾನ್' ಧಾರಾವಾಹಿಯ ನಾಯಕ. ಆರೇ ಕಂತು. ದೇಶಕ್ಕೆ ದೇಶವೇ ನೋಡಿತು. ಮುಂದೆ ದಶಕಗಳ ನಂತರವೂ ಅವರನ್ನು ಅಲ್ಲಿನ ರಿಯಾಲಿಟಿ ಕಾರ್ಯಕ್ರಮಗಳಿಗೆ ಕರೆಯುತ್ತಿದ್ದರು. ಅವರು ನಿರೂಪಕರಲ್ಲ, ಆದರೆ ಒಂದೇ ಚಾನೆಲ್ ಇಡೀ ದೇಶವನ್ನು ಕೂರಿಸುತ್ತಿದ್ದ ಕಾಲದ ಕೊನೆಯ ದೊಡ್ಡ ಅಲೆಗಳಲ್ಲಿ ಅದೂ ಒಂದು. ಅದೇ ವರ್ಷ ಖಾಸಗಿ ಟಿವಿಯ ತೀರ್ಪು ಬಂತು.

ನೇತ್ರಾವತಿ_ತೀರ
ಎಲ್ಲರಿಗೂ ಮನಸಾರೆ ಧನ್ಯವಾದ. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಬೊಂಜೊರ್ನೊ ಅವರ ಬಗ್ಗೆ ಒಂದು ವಿಷಯ ಮಾತ್ರ ಬೇಸರ ತಂದಿತು. 2009ರಲ್ಲಿ ಅವರ ಒಪ್ಪಂದವನ್ನು ಖಾಸಗಿ ಸಂಸ್ಥೆ ಮುಂದುವರಿಸಲಿಲ್ಲ ಅಂತ ಓದಿದೆ. 85ನೇ ವಯಸ್ಸಿನಲ್ಲಿ ಬೇರೆ ಚಾನೆಲ್‌ಗೆ ಹೊಸ ಕ್ವಿಜ್ ಸಿದ್ಧ ಮಾಡುತ್ತಿದ್ದಾಗಲೇ ಸೆಪ್ಟೆಂಬರ್ 8ಕ್ಕೆ ಹೋದರು. ಆ ಕ್ವಿಜ್ ಪ್ರಸಾರವಾಗಲೇ ಇಲ್ಲ.

ಹಳೆಯ ಕಾರ್ಯಕ್ರಮಗಳನ್ನು ನೋಡಬೇಕು ಅಂತ ಆಸೆಯಾಗಿದೆ. ಭಾಷೆ ಬರದವರು ಎಲ್ಲಿಂದ ಶುರು ಮಾಡಬಹುದು?

ತೊರಿನೊ_ಕನ್ನಡಿಗ
ರಾಯ್‌ನ ಹಳೆಯ ದಾಖಲೆಗಳ ಸಂಗ್ರಹಕ್ಕೆ 'ರಾಯ್ ತೆಕೆ' ಅನ್ನುತ್ತಾರೆ. ಅಲ್ಲಿಂದ ಬಹಳಷ್ಟು ತುಣುಕುಗಳು ಜಾಲತಾಣದಲ್ಲಿ ಸಿಗುತ್ತವೆ. ಕೆಲವು ಇಟಲಿಯ ಹೊರಗೆ ತೆರೆಯುವುದಿಲ್ಲ.

ಮೊದಲು ಮಾಂಜಿ ಮೇಷ್ಟ್ರ ಒಂದು ಪಾಠ ನೋಡಿ. ಇಟಾಲಿಯನ್ ಬಾರದವರಿಗೂ ಅಕ್ಷರ ಬರುತ್ತದೆ, ಅದಕ್ಕೇ ಮಾಡಿದ್ದಲ್ವಾ. ಆಮೇಲೆ ಕರ್ರಾ ಮತ್ತು ಸೋರ್ದಿಯ 'ತೂಕಾ ತೂಕಾ'. 1969ರ ಚಂದ್ರಯಾನದ ರಾತ್ರಿಯ ತುಣುಕೂ ಇದೆ. ರೋಮ್ ಸ್ಟುಡಿಯೊದಿಂದ ತೀತೊ ಸ್ತಾನ್ಯೊ "ಮುಟ್ಟಿತು!" ಅನ್ನುತ್ತಾರೆ, ಹ್ಯೂಸ್ಟನ್‌ನಿಂದ ರುಜ್ಜೆರೊ ಒರ್ಲಾಂದೊ "ಇಲ್ಲ, ಇನ್ನೂ ಇಲ್ಲ" ಅನ್ನುತ್ತಾರೆ, ಇಬ್ಬರೂ ನೇರ ಪ್ರಸಾರದಲ್ಲೇ ವಾದಕ್ಕೆ ಬೀಳುತ್ತಾರೆ. ತೋರ್ತೊರಾ ವಾಪಸ್ ಬಂದ ರಾತ್ರಿಯದನ್ನು ಬಿಡುವಿದ್ದಾಗ ಪೂರ್ತಿ ನೋಡಿ. ಮಾತು ಅರ್ಥವಾಗದಿದ್ದರೆ ಇಲ್ಲಿ ಕೇಳಿ, ಒಂದೊಂದೇ ವಾಕ್ಯ ಬರೆದು ಹಾಕುತ್ತೇನೆ.